ತಂತಿಗೆ ಚುಚ್ಚಿದ ಯುದ್ಧಕಾಲದ ಕಾಗದಗಳು: ಎರಡೂ ಬದಿ ಉಳಿಸಿಕೊಂಡ ರಿಪೇರಿ

ರಿಪೇರಿಗೆ ಇದ್ದದ್ದು ಎರಡು ಕಟ್ಟು ಕಾಗದ. ಎರಡನೇ ಮಹಾಯುದ್ಧದ ಕಾಲದವು, 1941ರಿಂದ 1945ರ ತನಕ. ಒಂದು ಕಟ್ಟು ಅಜ್ಜ ಮೊದಲು ಈಜಿಪ್ಟಿನಿಂದ, ಆಮೇಲೆ ಇಟಲಿಯಿಂದ ಮನೆಗೆ ಬರೆದದ್ದು. ಕೊಡಗಿನ ನಮ್ಮ ಹಳೇ ಮನೆಯಲ್ಲಿ, ಅಡುಗೆ ಕೋಣೆ ಪಕ್ಕದ ತೊಲೆಗೆ ನೇತು ಹಾಕಿದ್ದ ಕಾಗದದ ತಂತಿಯಲ್ಲಿ ಅದು ಇತ್ತು. ಇನ್ನೊಂದು ಕಟ್ಟು ಮನೆಯಿಂದ ಅಜ್ಜನಿಗೆ ಹೋದದ್ದು. ಅಷ್ಟನ್ನೂ ಅವರು ತಗಡಿನ ಟ್ರಂಕಿನಲ್ಲಿ ಜೋಪಾನವಾಗಿ ವಾಪಸ್ ತಂದಿದ್ದರು. ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಒಂದು ಕಡೆಯದು ಮಾತ್ರ ಉಳಿದಿರುತ್ತದೆ. ಇಲ್ಲಿ ಕೇಳಿದ್ದೂ ಇದೆ, ಉತ್ತರವೂ ಇದೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಎಲ್ಲವನ್ನೂ ತಿರುಗಿಸಿ ಹಿಂಬದಿ ನೋಡಿದೆ. ಆಮೇಲಿನ ಎಲ್ಲಾ ತೀರ್ಮಾನ ಅಲ್ಲಿಂದಲೇ ಹುಟ್ಟಿದ್ದು. ಅಜ್ಜನ ಕಾಗದಗಳ ಬೆನ್ನಿಗೆ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ಮನೆ ಖರ್ಚಿನ ಲೆಕ್ಕ ಬರೆದಿದ್ದಾರೆ. ಮನೆಯಿಂದ ಹೋದ ಕಾಗದಗಳ ಬೆನ್ನಿಗೆ ಅಜ್ಜ ತಮ್ಮ ಸಂಬಳವನ್ನು ಕೂಡಿ ಕಳೆದು ನೋಡಿದ್ದಾರೆ. ಯುದ್ಧದಲ್ಲಿ ಹಾಳೆಗೂ ತತ್ವಾರ ಇತ್ತು. ಖಾಲಿ ಬದಿ ಕಂಡರೆ ಬಿಡುತ್ತಿರಲಿಲ್ಲ. ಈ ಲೆಕ್ಕಗಳನ್ನು ಅವರು ಒಬ್ಬರಿಗೊಬ್ಬರು ಕಳಿಸಲೇ ಇಲ್ಲ. ಮುಂಬದಿಯಲ್ಲಿ "ಉಭಯ ಕುಶಲೋಪರಿ ಸಾಂಪ್ರತ, ಇಲ್ಲಿ ಎಲ್ಲರೂ ಕ್ಷೇಮ" ಅಂತಿದೆ. ಅದೇ ಹಾಳೆ ತಿರುಗಿಸಿದರೆ ಸಾಹುಕಾರನಿಗೆ ಕೊಡಬೇಕಾದ ಬಡ್ಡಿ ಇದೆ. ದೂರ ಇರುವವನಿಗೆ ಚಿಂತೆ ಹಚ್ಚಬಾರದು ಅಂತ ಮನೆಯವರು, ಮನೆಯವರಿಗೆ ಗಾಬರಿ ಆಗಬಾರದು ಅಂತ ಅವರು. ಇಬ್ಬರೂ ಮುಚ್ಚಿಟ್ಟದ್ದು ಹಿಂಬದಿಯಲ್ಲಿ ಉಳಿದುಕೊಂಡಿದೆ.

ಹಾಗಾಗಿ ಒಂದೇ ನಿಯಮ ಇಟ್ಟುಕೊಂಡೆ: ಹಿಂಬದಿ ಮುಚ್ಚುವ ಯಾವ ರಿಪೇರಿಯೂ ಬೇಡ. ರಟ್ಟಿಗೆ ಅಂಟಿಸುವುದು, ಹಿಂದೆ ದಪ್ಪ ಹಾಳೆ ಕೊಡುವುದು, ಫ್ರೇಮ್ ಹಾಕಿಸುವುದು ಎಲ್ಲಾ ಅಲ್ಲಿಗೇ ಹೊರಗೆ ಹೋಯಿತು. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ಮಾಡುವ ಬಿಸಿ ಲ್ಯಾಮಿನೇಷನ್‌ನಲ್ಲಿ ಪ್ಲಾಸ್ಟಿಕ್ಕಿನ ಒಳಪದರದ ಅಂಟು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಮತ್ತೆ ಬಿಡಿಸಲು ಬರುವುದಿಲ್ಲ. ಕಾಗದದಲ್ಲಿರುವ ಆಮ್ಲ ಒಳಗೇ ಕೂತು ಅದನ್ನು ತಿನ್ನುತ್ತದೆ. ನಮ್ಮ ಕಟ್ಟಿನಲ್ಲೂ ಕೆಲವು ಹಿಂದೆ ಯಾವಾಗಲೋ ಲ್ಯಾಮಿನೇಟ್ ಆಗಿ ಬಂದಿವೆ. ಅವನ್ನು ಬಿಚ್ಚಲು ಹೋಗಲಿಲ್ಲ. ಎರಡೂ ಬದಿ ಸ್ಕ್ಯಾನ್ ಮಾಡಿ, ಬೆಳಕಿಗೆ ಸಿಗದ ಹಾಗೆ ಪಕ್ಕಕ್ಕಿಟ್ಟೆ.

ಮೊದಲು ತಂತಿ. ಹಳೇ ಮನೆಗಳಲ್ಲಿ ನೋಡಿದವರಿಗೆ ಗೊತ್ತಿರುತ್ತದೆ. ಕೆಳಗೆ ಒಂದು ಮರದ ಬಿಲ್ಲೆ, ಅದಕ್ಕೆ ನೆಟ್ಟ ಉದ್ದ ತಂತಿ, ಮೇಲೆ ಕೊಕ್ಕೆ. ಓದಿದ ಕಾಗದವನ್ನು ಮಡಚಿದ ಹಾಗೇ ಚೂಪು ತುದಿಯಿಂದ ಚುಚ್ಚಿ ಕೆಳಗಿಳಿಸುತ್ತಿದ್ದರು. ಅಂದರೆ ತಳದಲ್ಲಿರುವುದು ಮೊದಲು ಬಂದದ್ದು, ಮೇಲಿರುವುದು ಕೊನೆಗೆ ಬಂದದ್ದು. ಈ ಸಾಲೇ ಒಂದು ದಾಖಲೆ. ಯುದ್ಧದ ಅಂಚೆಯಲ್ಲಿ ಬರೆದ ತಾರೀಕಿಗೂ ಮುಟ್ಟಿದ ತಾರೀಕಿಗೂ ಬಹಳ ಅಂತರ ಇರುತ್ತಿತ್ತು. ನಂತರ ಬರೆದದ್ದು ಮೊದಲು ಬಂದದ್ದೂ ಉಂಟು. ಮನೆಯವರು ಯಾವುದನ್ನು ಓದಿದ ಮೇಲೆ ಯಾವುದು ಓದಿದರು ಅಂತ ತಂತಿಯ ಸಾಲು ಹೇಳುತ್ತದೆ, ತಾರೀಕು ಹೇಳುವುದಿಲ್ಲ.

ಅದಕ್ಕೇ ತಂತಿಯಿಂದ ಬಿಡಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದೆ. ಕಾಗದಗಳನ್ನು ಮೇಲಕ್ಕೆ ಎಳೆಯುವುದು ಆಗದ ಮಾತು. ತುಕ್ಕು ಊದಿಕೊಂಡು ತಂತಿ ಒರಟಾಗಿದೆ, ಎಳೆದರೆ ತೂತು ಹರಿದು ಅಂಚಿನ ತನಕ ಹೋಗುತ್ತದೆ. ಬಿಲ್ಲೆಯ ಹತ್ತಿರ ಕಟಿಂಗ್ ಪ್ಲೇಯರ್‌ನಿಂದ ತಂತಿ ಕತ್ತರಿಸಿದೆ. ಕತ್ತರಿಸಿದ ತುದಿಯನ್ನು ನಯವಾದ ಅರದಿಂದ ಉಜ್ಜಿ, ತೆಳು ಪಾಲಿಯೆಸ್ಟರ್ ಹಾಳೆಯ ಒಂದು ಪಟ್ಟಿಯನ್ನು ಕೊಳವೆ ಥರ ಸುತ್ತಿ ತಂತಿಗೂ ಕಾಗದಕ್ಕೂ ನಡುವೆ ತೂರಿಸಿದೆ. ತುಕ್ಕಿಗೆ ಅಂಟಿದ್ದ ಕಡೆ ಕಾಗದವನ್ನು ಎತ್ತಲಿಲ್ಲ. ತಂತಿಯನ್ನೇ ಚೂರು ಚೂರು ತಿರುಗಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಒಂದೊಂದೇ ಕೆಳಗಿನಿಂದ ಇಳಿಸಿ, ಸಾಲಿನ ಸಂಖ್ಯೆ ಬರೆದ ಮಡಿಕೆ ಹಾಳೆಯೊಳಗೆ ಇಟ್ಟೆ. ಸಂಖ್ಯೆ ಬರೆದದ್ದು ಹೊರಗಿನ ಹಾಳೆಗೆ, ಕಾಗದಕ್ಕಲ್ಲ.

ನಾಲ್ಕಾಗಿ ಮಡಚಿ ಚುಚ್ಚಿದ ಕಾಗದ ಬಿಚ್ಚಿದರೆ ನಾಲ್ಕು ತೂತು. ಹೊರಪದರದ ತೂತಿನ ಸುತ್ತ ತುಕ್ಕಿನ ಉಂಗುರ ದಟ್ಟವಾಗಿರುತ್ತದೆ, ಒಳಗಿನದಕ್ಕೆ ತಿಳಿ. ಅದರಿಂದ ಮಡಿಕೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಎದ್ದು ನಿಂತ ತುಕ್ಕಿನ ಚಕ್ಕೆಗಳನ್ನು ಭೂತಗನ್ನಡಿ ಕೆಳಗೆ ಸ್ಕಾಲ್ಪೆಲ್ ತುದಿಯಿಂದ ತೆಗೆದೆ. ಬಣ್ಣ ತೆಗೆಯಲು ಏನನ್ನೂ ಹಚ್ಚಲಿಲ್ಲ. ತೂತುಗಳನ್ನೂ ತುಂಬಲಿಲ್ಲ. ತುಕ್ಕಿನಿಂದ ಪೆಡಸಾಗಿ ಬಿರುಕು ಬಿಡುತ್ತಿದ್ದ ಕಡೆ ಮಾತ್ರ ಸುತ್ತಲೂ ಸಣ್ಣ ಆಸರೆ ಕೊಟ್ಟೆ.

ಒಂದು ಕಾಗದದಲ್ಲಿ ತೂತು ಸರಿಯಾಗಿ ಮೊತ್ತದ ಮೇಲೇ ಬಿದ್ದಿದೆ. "ಈ ತಿಂಗಳಿಂದ ನಿಮಗೆ" ಅಂತ ಇದೆ, ಆಮೇಲೆ ತೂತು, ಆಮೇಲೆ "ರೂಪಾಯಿ ಬರುವುದು". ಅದಕ್ಕೆ ಉತ್ತರ ಮನಿಯಾರ್ಡರ್ ಕೂಪನ್‌ನಲ್ಲಿ ಸಿಕ್ಕಿತು: 12. ಅಜ್ಜ ಇದನ್ನು ತಾವೇ ಅಂಚೆಗೆ ಹಾಕುತ್ತಿರಲಿಲ್ಲ. ಸಿಪಾಯಿಯ ಸಂಬಳದಲ್ಲಿ ಒಂದು ಭಾಗ ಹಿಡಿದು, ಇಂಡಿಯಾದಲ್ಲೇ ಇರುವ ಕಚೇರಿಯಿಂದ ಮನೆಗೆ ತಿಂಗಳು ತಿಂಗಳು ಮನಿಯಾರ್ಡರ್ ಮಾಡುವ ವ್ಯವಸ್ಥೆ. ಅದಕ್ಕೆ ಅಲಾಟ್‌ಮೆಂಟ್ ಅನ್ನುತ್ತಿದ್ದರು. ಯುದ್ಧ ಶುರುವಾದಾಗ ಸಿಪಾಯಿಯ ಮೂಲ ಸಂಬಳ ತಿಂಗಳಿಗೆ 16 ರೂಪಾಯಿ. ಅದರಲ್ಲಿ 12 ಮನೆಗೆ ಅಂದರೆ ಕೈಯಲ್ಲಿ ಏನು ಉಳಿಯಿತು? ಅದರ ಲೆಕ್ಕ ಮನೆಯಿಂದ ಬಂದ ಒಂದು ಕಾಗದದ ಬೆನ್ನಿಗೆ ಅಜ್ಜನ ಅಕ್ಷರದಲ್ಲೇ ಇದೆ. ಸಾಬೂನು, ಬೀಡಿ, ಅಂಚೆ. ಮುಂಬದಿಯಲ್ಲಿ ಅಜ್ಜಿ "ಮನಿಯಾರ್ಡರ್ ಎರಡು ತಿಂಗಳಿಂದ ಬಂದಿಲ್ಲ, ಆದರೂ ಚಿಂತೆ ಮಾಡಬೇಡಿ" ಅಂತ ಬರೆದಿದ್ದಾರೆ. ಈ ಎರಡು ಬದಿ ಒಟ್ಟಿಗೇ ಇರಬೇಕು ಅಲ್ವಾ?

ಹೊಗೆ ಮಸಿ ತೆಗೆಯುವ ಕೆಲಸ ಅತಿ ನಿಧಾನದ್ದು. ತಂತಿ ಒಲೆಯ ಹತ್ತಿರ ಇದ್ದದ್ದರಿಂದ ಹೊರಪದರಗಳಿಗೆ ಕಪ್ಪು ಹಿಡಿದಿದೆ. (ಹೊಗೆಗೆ ಹುಳ ಬರಲಿಲ್ಲ ಅನ್ನುವುದೂ ನಿಜ. ಟ್ರಂಕಿನ ಕಟ್ಟಿನಲ್ಲಿ ಬೆಳ್ಳಿಮೀನು ಹುಳ ತಿಂದ ಗುರುತು ಜಾಸ್ತಿ.) ಮೊದಲು ಮೆತ್ತನೆ ಬ್ರಷ್, ಆಮೇಲೆ ಮಸಿ ಒರೆಸಲೆಂದೇ ಸಿಗುವ ರಬ್ಬರ್ ಸ್ಪಂಜು. ಇದಕ್ಕೆ ನೀರು ಬೇಡ. ಉಜ್ಜಬಾರದು, ಒತ್ತಿ ಒತ್ತಿ ಎತ್ತಬೇಕು. ಸ್ಪಂಜಿನ ಮುಖ ಕಪ್ಪಾದ ತಕ್ಷಣ ಆ ಪದರ ಕತ್ತರಿಸಿ ಹಾಕಬೇಕು.

ಇಲ್ಲಿ ಒಂದು ಎಚ್ಚರಿಕೆ. ಲೆಕ್ಕ ತಾಳೆ ನೋಡದೆ ಆ ಬದಿಗೆ ಸ್ಪಂಜು ಹಾಕಲೇಬೇಡಿ. ಆ ಕಾಲದ ಲೆಕ್ಕದಲ್ಲಿ ಆಣೆಗಳನ್ನು ಅಂಕಿಯಲ್ಲಿ ಬರೆಯುತ್ತಿರಲಿಲ್ಲ, ಗೀಟಿನಲ್ಲಿ ಬರೆಯುತ್ತಿದ್ದರು. ನಿಂತ ಗೀಟು ಒಂದಕ್ಕೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಅಡ್ಡ ಗೀಟು ಒಂದಕ್ಕೆ ಒಂದಾಣೆ. ಏಳರ ಮುಂದೆ ಎರಡು ನಿಂತ ಗೀಟು, ಪಕ್ಕದಲ್ಲಿ ಎರಡು ಅಡ್ಡ ಗೀಟು ಇದ್ದರೆ ಏಳು ರೂಪಾಯಿ ಹತ್ತಾಣೆ. ಸೀಸದಕಡ್ಡಿಯಲ್ಲಿ ಎಳೆದ ಆ ಅಡ್ಡ ಗೀಟು ಕೂದಲಿನಷ್ಟು ತೆಳ್ಳಗೆ. ಮಸಿಯ ನಡುವೆ ಕೊಳೆಯ ಗೆರೆ ಅಂತಲೇ ಕಾಣುತ್ತದೆ. ಒರೆಸಿಬಿಟ್ಟರೆ ಹತ್ತಾಣೆ ಎಂಟಾಣೆ ಆಗುತ್ತದೆ, ಕೆಳಗಿನ ಮೊತ್ತ ತಾಳೆ ಬೀಳುವುದಿಲ್ಲ. ಆದ್ದರಿಂದ ಮಸಿ ತೆಗೆಯುವ ಮುಂಚೆ ಓರೆ ಬೆಳಕಿನಲ್ಲಿ ಹಿಂಬದಿಯ ಫೋಟೋ ತೆಗೆದು, ಪ್ರತಿ ಲೆಕ್ಕವನ್ನೂ ಕೂಡಿ ನೋಡಿದೆ. ಕಡ್ಡಿ ಒತ್ತಿದ ಗುರುತು ಓರೆ ಬೆಳಕಿನಲ್ಲಿ ತಗ್ಗಾಗಿ ಕಾಣುತ್ತದೆ, ಕೊಳೆಗೆ ತಗ್ಗು ಇರುವುದಿಲ್ಲ. ಮೊತ್ತ ಕೂಡಿಬಂದರೆ ಗೀಟೆಲ್ಲಾ ಸಿಕ್ಕಿತು ಅಂತ ಧೈರ್ಯ. ಕೂಡಿಬಾರದ ಕಡೆ ಮಸಿ ಹಾಗೇ ಬಿಟ್ಟೆ.

ಆ ಲೆಕ್ಕಗಳನ್ನು ಕೂಡುತ್ತಾ ಹೋದ ಹಾಗೆ ಯುದ್ಧ ಮನೆಯೊಳಗೆ ಹೇಗೆ ಬಂತು ಅಂತ ಕಣ್ಣಿಗೆ ಕಟ್ಟುತ್ತದೆ. 1942ರ ಮಾರ್ಚಿನಲ್ಲಿ ರಂಗೂನು ಜಪಾನಿನವರ ಕೈಗೆ ಹೋಯಿತು. ಬರ್ಮಾದ ಅಕ್ಕಿ ನಿಂತಿತು, ಬರ್ಮಾದ ಸೀಮೆಎಣ್ಣೆಯೂ ನಿಂತಿತು. ದೊಡ್ಡಜ್ಜನ ಪಟ್ಟಿಯಲ್ಲಿ ಸೀಮೆಎಣ್ಣೆ ಸಾಲು ಅದಾದ ಮೇಲೆ ಒಂದೊಂದು ತಿಂಗಳು ಇರುವುದೇ ಇಲ್ಲ. ಬದಲಿಗೆ ಹರಳೆಣ್ಣೆ ಅಂತ ಬರುತ್ತದೆ. 1943ರಲ್ಲಿ ಸರ್ಕಾರ ಅಗ್ಗದ "ಸ್ಟ್ಯಾಂಡರ್ಡ್ ಬಟ್ಟೆ" ಬಿಟ್ಟಿತು. ಅದೂ ಪಟ್ಟಿಯಲ್ಲಿದೆ, ಎದುರಿಗೆ "ಸಿಗಲಿಲ್ಲ" ಅಂತಿದೆ. ದೇಶದಲ್ಲಿ ಸಗಟು ಬೆಲೆ ಯುದ್ಧಕ್ಕೆ ಮುಂಚಿನದಕ್ಕಿಂತ ಎರಡು ಪಟ್ಟು ಮೀರಿದ್ದ ಕಾಲ ಅದು. ಮನಿಯಾರ್ಡರ್ ಮಾತ್ರ ಅದೇ ಹನ್ನೆರಡು.

ಚಿಲ್ಲರೆಯ ಕಥೆ ಬೇರೆ. 1940ರಲ್ಲಿ ರೂಪಾಯಿ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅದೇ ವರ್ಷ ಒಂದು ರೂಪಾಯಿಯ ನೋಟು ಮತ್ತೆ ಬಂತು. ವಿಕ್ಟೋರಿಯಾ ರಾಣಿಯ ರೂಪಾಯಿ 1941ರ ಮಾರ್ಚ್ ಕೊನೆಯ ತನಕ ಮಾತ್ರ ಚಲಾವಣೆ ಅಂತ ಆಯಿತು. ಮನೆಯಲ್ಲಿ ಮಣ್ಣಿನ ಮಡಕೆಯೊಳಗೆ ಕೂಡಿಟ್ಟ ರಾಣಿ ಛಾಪಿನ ರೂಪಾಯಿಗಳನ್ನು ಖಜಾನೆಗೆ ಕೊಟ್ಟು ನೋಟು ತರಬೇಕೋ, ಅಕ್ಕಸಾಲಿಗರಿಗೆ ಕೊಟ್ಟು ಕರಗಿಸಬೇಕೋ ಅಂತ ದೊಡ್ಡಜ್ಜ ತಮ್ಮನನ್ನು ಕೇಳಿದ್ದಾರೆ. ಅಜ್ಜನ ಉತ್ತರ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ಏನು ಮಾಡಿದರು ಅನ್ನುವುದು ಹಿಂಬದಿಯ ಲೆಕ್ಕದಲ್ಲಿ "ಬೆಳ್ಳಿ ತೂಕ" ಅನ್ನುವ ಒಂದು ಸಾಲಿನಿಂದ ಗೊತ್ತಾಗುತ್ತದೆ. 1943ರ ನಂತರದ ಕಾಗದಗಳಲ್ಲಿ ನಡುವೆ ತೂತಿರುವ ಹೊಸ ಕಾಸಿನ ಮಾತು ಬರುತ್ತದೆ. ಮಕ್ಕಳು ಅದನ್ನು ದಾರಕ್ಕೆ ಪೋಣಿಸಿಕೊಳ್ಳುತ್ತಾರೆ ಅಂತ ಅಜ್ಜಿ ಬರೆದಿದ್ದಾರೆ.

ರಿಪೇರಿಗೆ ವಾಪಸ್. ಬರೆದ ಬಣ್ಣ ಮೂರು ಥರ. ಅದನ್ನು ಗುರುತಿಸದೆ ಒಂದು ಹನಿ ನೀರೂ ತಾಗಿಸಬಾರದು.

ಒಂದನೆಯದು ಮಾಮೂಲಿ ಸೀಸದಕಡ್ಡಿ. ಇದಕ್ಕೆ ನೀರಿನ ಭಯ ಇಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ.

ಎರಡನೆಯದು ಕಬ್ಬಿಣದ ಶಾಯಿ. ನಮ್ಮಲ್ಲಿ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿ ಮಾಡುತ್ತಿದ್ದದ್ದೂ ಇದೇ ಜಾತಿ, ಅಂಗಡಿಯ ಬ್ಲೂಬ್ಲ್ಯಾಕ್ ಶಾಯಿಯೂ ಇದೇ ಜಾತಿ. ಬರೆದಾಗ ತಿಳಿಯಾಗಿರುತ್ತದೆ, ಗಾಳಿಗೆ ಕಪ್ಪಾಗುತ್ತದೆ, ವರ್ಷ ಕಳೆದ ಹಾಗೆ ಕಂದಾಗುತ್ತದೆ. ಜೊತೆಗೆ ಆಮ್ಲ ಕಾಗದವನ್ನು ಕೊರೆಯುತ್ತದೆ. ದೊಡ್ಡಜ್ಜನ ಅಕ್ಷರ ಒತ್ತು. ಕೆಲವು ಕಡೆ ಒತ್ತಕ್ಷರದ ಸುಳಿಯೇ ಉದುರಿ ಹೋಗಿ ಕಿಟಕಿ ಬಿದ್ದಿದೆ. ಇದಕ್ಕೆ ನೀರು ತಾಗಿದರೆ ಕಬ್ಬಿಣದ ಅಂಶ ಸುತ್ತಲಿನ ಒಳ್ಳೇ ಕಾಗದಕ್ಕೂ ಹರಡಿ ಅದನ್ನೂ ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಎಷ್ಟು ಕಡಿಮೆ ತೇವವೋ ಅಷ್ಟು ಒಳ್ಳೆಯದು. ಮಾಸಿದ ಸಾಲುಗಳನ್ನು ಓದಲು 365 ನ್ಯಾನೋಮೀಟರಿನ ಯುವಿ ಟಾರ್ಚ್ ಸಾಕು. ಕತ್ತಲೆಯಲ್ಲಿ ಹಿಡಿದರೆ ಕಾಗದ ಮಂದವಾಗಿ ಹೊಳೆಯುತ್ತದೆ, ಶಾಯಿ ಇದ್ದ ಜಾಗ ಕಪ್ಪಾಗಿ ನಿಲ್ಲುತ್ತದೆ. ಜಾಸ್ತಿ ಹೊತ್ತು ಹಿಡಿಯಬಾರದು. ಒಂದು ಫೋಟೋ ತೆಗೆದು ಆರಿಸಿ, ಆಮೇಲೆ ಫೋಟೋ ನೋಡಿ ಓದಿ.

ಮೂರನೆಯದೇ ಕಷ್ಟದ್ದು. ಕಾಪಿಯಿಂಗ್ ಪೆನ್ಸಿಲ್. ನೋಡಲು ಮಾಮೂಲಿ ಸೀಸದಕಡ್ಡಿಯ ಬರಹದ ಹಾಗೇ ಬೂದು. ಒಳಗೆ ನೇರಳೆ ಬಣ್ಣ ಬೆರೆಸಿರುತ್ತಾರೆ. ನೀರು ತಾಗಿದ್ದೇ ತಡ, ಅಕ್ಷರ ನೇರಳೆಯಾಗಿ ಒಡೆದು ಹರಡುತ್ತದೆ. ಅಂಚೆಯವರು, ಗುಮಾಸ್ತರು, ಸೈನ್ಯದವರು ಇದನ್ನು ಧಾರಾಳವಾಗಿ ಬಳಸುತ್ತಿದ್ದರು. ಪೆನ್ನೂ ಶಾಯಿಯೂ ಬೇಡ, ಅಳಿಸಲೂ ಬರುವುದಿಲ್ಲ. ಅಜ್ಜನ ಮರಳುಗಾಡಿನ ಕಾಗದಗಳು ಹೆಚ್ಚಾಗಿ ಇದರಲ್ಲೇ ಇವೆ. ಅಲ್ಲಲ್ಲಿ ನೇರಳೆ ಚುಕ್ಕೆ ಬಿದ್ದಿದೆ. ಕಡ್ಡಿಯ ತುದಿಯನ್ನು ನಾಲಿಗೆಗೆ ತಾಗಿಸಿ ಬರೆದ ಕಡೆ ಅಕ್ಷರ ಕಡು ನೇರಳೆ, ಒಣಗುತ್ತಾ ಬಂದ ಹಾಗೆ ಬೂದು. ಸಾಲು ನೋಡಿದರೆ ಎಲ್ಲಿ ನಿಲ್ಲಿಸಿ ಯೋಚನೆ ಮಾಡಿದರು ಅಂತಲೂ ತಿಳಿಯುತ್ತದೆ. ದುಡ್ಡಿನ ವಿಷಯ ಬಂದಾಗೆಲ್ಲಾ ಹೊಸದಾಗಿ ಕಡು ನೇರಳೆ ಶುರುವಾಗುತ್ತದೆ.

ಈ ಬಣ್ಣ ನೀರಿಗೂ ಬಿಡುತ್ತದೆ, ಸ್ಪಿರಿಟ್ಟಿಗೂ ಬಿಡುತ್ತದೆ. ಅದಕ್ಕೇ ನೀರಿಲ್ಲದ ಅಂಟು ಅಂತ ಸ್ಪಿರಿಟ್ ಆಧಾರದ್ದು ಬಳಸಿದರೂ ಉಪಯೋಗ ಇಲ್ಲ. ಪರೀಕ್ಷೆ ಸುಲಭ. ಬರಹದ ಕೊನೆಯ ಯಾವುದಾದರೂ ಚುಕ್ಕೆಯ ಮೇಲೆ ತೇವ ಮಾಡಿದ ಸೂಜಿ ತುದಿ ತಾಗಿಸಿ, ಬ್ಲಾಟಿಂಗ್ ಪೇಪರಿನ ಚೂರು ಒತ್ತಿ, ಭೂತಗನ್ನಡಿಯಲ್ಲಿ ನೋಡಿ. ನೇರಳೆ ಕಂಡರೆ ಆ ಕಾಗದ ಬೇರೆ ರಾಶಿಗೆ.

ಅಂಟು ಮನೆಯಲ್ಲೇ ಮಾಡಿದೆ. ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಹಲ್ವಕ್ಕೆ ಮಾಡುವ ಹಾಗೇ ತಳದಲ್ಲಿ ಪಿಷ್ಟ ಇಳಿಯಲು ಬಿಟ್ಟೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಚೆಲ್ಲಿ, ಬಿಳೀ ಪಿಷ್ಟ ಮಾತ್ರ ಉಳಿಸಿಕೊಳ್ಳಬೇಕು. ಮೈದಾ ಅಂಟು ಬೇಡ. ಅದರಲ್ಲಿ ಗೋಧಿಯ ಜಿಗುಟು ಪ್ರೋಟೀನ್ ಇರುತ್ತದೆ, ಹಳದಿಯಾಗುತ್ತದೆ, ಹುಳ ಕರೆಯುತ್ತದೆ. ಒಂದು ಪಾಲು ಪಿಷ್ಟಕ್ಕೆ ನಾಲ್ಕು ಪಾಲು ನೀರು, ಸಣ್ಣ ಉರಿ, ಕೈ ಬಿಡದೆ ತಿರುವುದು. ಬಿಳುಪು ಹೋಗಿ ಅರೆಪಾರದರ್ಶಕ ಆದ ಮೇಲೂ ಸ್ವಲ್ಪ ಹೊತ್ತು ಬೇಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಬೇಕಾದಷ್ಟು ತೆಳ್ಳಗೆ ಮಾಡಿಕೊಂಡೆ. ಮೈಲುತುತ್ತು ಹಾಕಲಿಲ್ಲ. ಹಳೇ ಬೈಂಡಿಂಗ್‌ನವರು ಹುಳಕ್ಕೆ ಅಂತ ಹಾಕುತ್ತಿದ್ದರು, ಆದರೆ ತಾಮ್ರ ಕಾಗದಕ್ಕೆ ಒಳ್ಳೆಯದಲ್ಲ. ಎರಡು ಮೂರು ದಿನಕ್ಕೆ ಹುಳಿಯಾದರೆ ಚೆಲ್ಲಿ ಹೊಸದು ಮಾಡುವುದೇ ಸರಿ.

ತೇಪೆಗೆ ಜಪಾನಿನ ಕೋಝೋ ಟಿಶ್ಯೂ, ಅಂದರೆ ಕೋಝೋ ಗಿಡದ ತೊಗಟೆಯ ನಾರಿನ ಕಾಗದ, ಬಹಳ ತೆಳ್ಳಗಿನದು. ಅಕ್ಷರದ ಮೇಲೆ ಬಿದ್ದರೂ ಓದಬಹುದು. ಕತ್ತರಿಯಲ್ಲಿ ಕತ್ತರಿಸಬಾರದು. ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು ಕೈಯಲ್ಲಿ ಬಿಡಿಸಿದರೆ ಅಂಚಿನಲ್ಲಿ ನಾರು ಕೂದಲು ಕೂದಲಾಗಿ ಉಳಿಯುತ್ತದೆ. ಆ ನಾರೇ ಹಿಡಿತ. ಸೀಸದಕಡ್ಡಿಯ ಕಾಗದಗಳಿಗೆ ನೇರವಾಗಿ ಗೋಧಿ ಅಂಟು. ಕಬ್ಬಿಣದ ಶಾಯಿಯವಕ್ಕೆ ಮುಂಚೆಯೇ ಜೆಲಟಿನ್ ಬಳಿದು ಒಣಗಿಸಿಟ್ಟ ಟಿಶ್ಯೂ. ಜೆಲಟಿನ್ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದ ಚೂರನ್ನು ಹಿಂಡಿದ ಸ್ಪಂಜಿನ ಮೇಲೆ ಇಟ್ಟ ಬ್ಲಾಟಿಂಗ್ ಪೇಪರಿಗೆ ಒಮ್ಮೆ ತಾಗಿಸಿದರೆ ಅಂಟು ಏಳುತ್ತದೆ, ಅಷ್ಟೇ ತೇವ ಸಾಕು.

ಕಾಪಿಯಿಂಗ್ ಪೆನ್ಸಿಲ್ಲಿನ ಕಾಗದಗಳಿಗೆ ಉದ್ದ ಪಟ್ಟಿ ಹಾಕಲೇ ಇಲ್ಲ. ಹರಿದ ಗೆರೆಯ ಉದ್ದಕ್ಕೂ, ಬರಹದ ಎರಡು ಸಾಲುಗಳ ನಡುವೆ ಸಿಗುವ ಖಾಲಿ ಜಾಗದಲ್ಲಿ ಮಾತ್ರ, ಚಿಕ್ಕ ಚಿಕ್ಕ ಅಡ್ಡ ತುಂಡು ಕೂರಿಸಿದೆ. ಹಿಂಬದಿಯಲ್ಲೂ ಲೆಕ್ಕ ಇರುವುದರಿಂದ ಮೊದಲು ಲೈಟ್ ಬಾಕ್ಸ್ ಮೇಲೆ ಇಟ್ಟು, ಎರಡೂ ಬದಿ ಖಾಲಿ ಇರುವ ಜಾಗ ಹುಡುಕಬೇಕು. ಒಂದು ಹರಕಿಗೆ ಅಂಥ ಎರಡೋ ಮೂರೋ ಜಾಗ ಸಿಕ್ಕಿದರೆ ಹೆಚ್ಚು. ಅಷ್ಟೇ ಸಾಕು, ಕಾಗದ ಒಟ್ಟಿಗೆ ನಿಲ್ಲುತ್ತದೆ. ತುಂಡು ಕೂರಿಸಿ, ಮೇಲೆ ನಾನ್‌ವೋವನ್ ಬಟ್ಟೆ, ಬ್ಲಾಟಿಂಗ್ ಪೇಪರ್, ಗಾಜು, ಸಣ್ಣ ಭಾರ. ಬ್ಲಾಟಿಂಗ್ ಬೇಗ ಬದಲಾಯಿಸಿದರೆ ತೇವ ಅಕ್ಷರದ ಕಡೆಗೆ ಹೋಗುವುದಿಲ್ಲ. ಈ ಕೆಲಸಕ್ಕೆ ಮಳೆಗಾಲ ಆಗುವುದಿಲ್ಲ. ಕೊಡಗಿನಲ್ಲಿ ಜೂನ್ ಬಂದರೆ ಗಾಳಿಯೇ ಒದ್ದೆ. ಡಿಸೆಂಬರಿನಿಂದ ಫೆಬ್ರವರಿ ತನಕವೇ ಸರಿ.

ಟ್ರಂಕಿನ ಕಟ್ಟಿಗೆ ಬೇರೆ ಕಾಯಿಲೆ. ಮಡಚಿದ್ದು ಜಾಸ್ತಿಯಾಗಿ ಮಡಿಕೆಯ ಗೆರೆಯಲ್ಲೇ ತುಂಡಾಗಿವೆ. ಅಂಚಿನಲ್ಲಿ ಬೂಷ್ಟು. ಮೊದಲು ಎಲ್ಲವನ್ನೂ ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿ ಇಟ್ಟೆ. ಹುಳ, ಮೊಟ್ಟೆ ಎರಡೂ ಹೋಗುತ್ತವೆ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ಕಾಗದವೇ ಬೆವರುತ್ತದೆ. ಒಣಗಿದ ಬೂಷ್ಟನ್ನು ಹೊರಗೆ ಜಗಲಿಯಲ್ಲಿ ಮಾಸ್ಕ್ ಹಾಕಿಕೊಂಡು ಬ್ರಷ್ಷಿನಲ್ಲಿ ತೆಗೆದೆ.

ಲಕೋಟೆಗಳ ಪಕ್ಕಕ್ಕೆ ಸೆನ್ಸಾರ್‌ನವರು ಒಡೆದು ನೋಡಿ ಮತ್ತೆ ಅಂಟಿಸಿದ ಅಚ್ಚಾದ ಚೀಟಿ ಇದೆ. ಅದರ ಗೋಂದು ಒಣಗಿ ಲಕೋಟೆಯನ್ನು ಎಳೆದು ಸುಕ್ಕು ಮಾಡಿದೆ. ಕಿತ್ತರೆ ಲಕೋಟೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಚೀಟಿಯೂ ಕಾಗದದ ಭಾಗ. ನಮ್ಮ ಮನೆಯ ಸುದ್ದಿಯನ್ನು ಗೊತ್ತಿಲ್ಲದವರು ಯಾರೋ ಓದಿದ್ದಾರೆ ಅಂತ ಅದು ಹೇಳುತ್ತದೆ. ಮಧ್ಯಪ್ರಾಚ್ಯದಲ್ಲಿದ್ದ ಭಾರತೀಯ ಸೈನಿಕರ ಕಾಗದಗಳ ಸಾರಾಂಶವನ್ನು ಸೆನ್ಸಾರ್‌ನವರು ವರದಿ ಮಾಡುತ್ತಿದ್ದರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಈಗಲೂ ಇವೆ. 1943ರ ಹೊತ್ತಿಗೆ ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಮನೆಯ ಬೆಲೆಯೇರಿಕೆ, ಧಾನ್ಯದ ಕೊರತೆ, ಮನೆಗೆ ಹೋಗುವ ದುಡ್ಡು ಸಾಲದು ಅನ್ನುವ ಸಂಕಟ. ಲಕ್ಷಗಟ್ಟಲೆ ಜನರ ಮನೆಯ ಲೆಕ್ಕ ಅದು. ಹಾಗಾಗಿ ಚೀಟಿ ಕೀಳಲಿಲ್ಲ. ಬಿಟ್ಟುಕೊಂಡ ಅಂಚನ್ನು ಮಾತ್ರ ಗೋಧಿ ಅಂಟಿನಿಂದ ಕೂರಿಸಿದೆ.

ಅಜ್ಜನ ತಂಗಿಯ ಮದುವೆ ಕಾಗದದ ಬಗ್ಗೆ ಹೇಳಲೇಬೇಕು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕಳಿಸಿದ್ದಾರೆ. ಅದು ಸೆನ್ಸಾರ್ ದಾಟಿ, ಹಡಗು ದಾಟಿ, ಟ್ರಂಕಿನಲ್ಲಿ ಕೂತು, ಇವತ್ತಿಗೂ ಹಳದಿಯಾಗಿಯೇ ಇದೆ. ಹಳೇ ಕಾಗದದ ಆಮ್ಲ ಕಳೆಯಲು ಕ್ಷಾರದ ದ್ರಾವಣ ಬಳಸುವ ಪದ್ಧತಿ ಇದೆ. ಈ ಕಾಗದಕ್ಕೆ ಅದನ್ನು ಮಾಡಿದರೆ ಏನಾಗುತ್ತದೆ ಅಂತ ಅರಿಶಿನಕ್ಕೆ ಸುಣ್ಣ ಬೆರೆಸಿದವರಿಗೆ ಹೇಳಬೇಕಿಲ್ಲ. ಮೂಲೆಗಳು ಕೆಂಪಾಗಿಬಿಡುತ್ತವೆ. ಬೆಳಕಿಗೂ ಅರಿಶಿನ ಬೇಗ ಮಾಸುತ್ತದೆ. ಆದ್ದರಿಂದ ಇದಕ್ಕೆ ಯಾವ ದ್ರಾವಣವೂ ಇಲ್ಲ, ಪ್ರದರ್ಶನವೂ ಇಲ್ಲ. ಮಡಿಕೆಯ ಎರಡು ಕಡೆ ಟಿಶ್ಯೂ ತುಂಡು, ಕತ್ತಲೆ ಪೆಟ್ಟಿಗೆ.

ಆ ಕಾಗದದಲ್ಲಿ ಮದುವೆ ಸಂಭ್ರಮ ಅರ್ಧ ಪುಟ, ಕಾಫಿ ದುಡ್ಡಿನ ವಿಷಯ ಉಳಿದದ್ದೆಲ್ಲಾ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ ನಮ್ಮ ಕಾಫಿ ಕೇಳುವವರು ಇಲ್ಲದಾಗ, 1940ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಕಾಫಿಗೆ ಮಂಡಳಿ ಮಾಡಿತು. 1942ರಲ್ಲಿ ಅದು ಕಾಯ್ದೆ ಆಯಿತು. ಬೆಳೆದದ್ದನ್ನು ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಸೇರಿಸಿ ಮಂಡಳಿಯೇ ಮಾರುವ ಒಟ್ಟು ರಾಶಿಗೆ, ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಬೆಳೆಗಾರರನ್ನು ಆ ಹೊತ್ತಿಗೆ ಅದು ಉಳಿಸಿತು ಅನ್ನಲೇಬೇಕು. ಆದರೆ ಮದುವೆ ಮುಹೂರ್ತ ಕಂತಿಗೆ ಕಾಯುವುದಿಲ್ಲ. ದೊಡ್ಡಜ್ಜ ಕಂತು ಬರುತ್ತದೆ ಅನ್ನುವ ನಂಬಿಕೆಯ ಮೇಲೆ ಸಾಲ ಎತ್ತಿದರು. ಕಾಗದದಲ್ಲಿ ಸಾಲ ಅಂತ ಬರೆಯದೆ "ವ್ಯವಸ್ಥೆ ಆಗಿದೆ" ಅಂತ ಬರೆದರು. ಅಜ್ಜನಿಗೆ ಅರ್ಥವಾಗಿತ್ತು. ಅದೇ ಕಾಗದದ ಬೆನ್ನಿಗೆ, ಅರಿಶಿನದ ಮೂಲೆಯ ಪಕ್ಕದಲ್ಲೇ, ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ ಹನ್ನೆರಡನ್ನು ಹೊಡೆದು ಹಾಕಿ ಹದಿನಾಲ್ಕು ಅಂತ ಬರೆದಿದ್ದಾರೆ. ಮುಂದಿನ ಮನಿಯಾರ್ಡರ್ ಕೂಪನ್‌ಗಳಲ್ಲಿ 14 ಬಂದಿದೆ. ಈ ಹಾಳೆ ಹಿಂದೆ ರಟ್ಟು ಅಂಟಿಸಿದ್ದರೆ ಇದೊಂದು ಮದುವೆ ಕಾಗದ ಅಂತಷ್ಟೇ ಉಳಿಯುತ್ತಿತ್ತು.

ಇಡುವ ವ್ಯವಸ್ಥೆಯಲ್ಲೂ ಎರಡು ಬದಿಯ ನಿಯಮವೇ. ಶಾಯಿಯ ಕಾಗದಗಳು ಎರಡು ಅಂಚು ತೆರೆದ ಪಾಲಿಯೆಸ್ಟರ್ ಕವರಿನಲ್ಲಿ, ಮುಟ್ಟದೆ ತಿರುಗಿಸಿ ಓದಬಹುದು. ಮೆತ್ತನೆ ಸೀಸದಕಡ್ಡಿಯ ಲೆಕ್ಕ ಇರುವವಕ್ಕೆ ಪಾಲಿಯೆಸ್ಟರ್ ಬೇಡ, ಅದರ ಸ್ಥಾಯಿ ವಿದ್ಯುತ್ ಪುಡಿಯನ್ನು ಎಳೆಯಬಹುದು. ಅವು ಆಮ್ಲರಹಿತ ಕಾಗದದ ಮಡಿಕೆಯಲ್ಲಿ. ಪೆಟ್ಟಿಗೆ ಅಟ್ಟದ ಮೇಲಲ್ಲ, ಹೊರಗೋಡೆಗೆ ತಾಗಿದ ಕಪಾಟಿನಲ್ಲೂ ಅಲ್ಲ. ಒಳಕೋಣೆಯಲ್ಲಿ, ಪಕ್ಕದಲ್ಲಿ ತೇವದ ಮೀಟರ್. ಶೇಕಡಾ 65 ದಾಟಿದರೆ ಸಿಲಿಕಾ ಜೆಲ್ ಬದಲಾಯಿಸಬೇಕು. ಸ್ಕ್ಯಾನ್ 600 ಡಿಪಿಐ, ಫೈಲಿನ ಹೆಸರಿನಲ್ಲಿ ತಂತಿಯ ಸಾಲು ಸಂಖ್ಯೆ, ಆಮೇಲೆ ಮುಂದೆ ಅಥವಾ ಹಿಂದೆ. ಮನೆಯವರಿಗೆ ಕೊಟ್ಟ ಪ್ರತಿಗಳಲ್ಲಿ ಎರಡೂ ಬದಿ ಎದುರು ಬದುರು ಪುಟದಲ್ಲಿವೆ. ಚಿಕ್ಕಮ್ಮ ಗೀಟಿನ ಲೆಕ್ಕ ಓದಬಲ್ಲರು. ಅವರು ಪ್ರತಿ ಪುಟದ ಕೆಳಗೆ ಅಂಕಿಯಲ್ಲಿ ಬರೆದುಕೊಡುತ್ತಿದ್ದಾರೆ.

ಇನ್ನೂ ಆಗದೆ ಉಳಿದಿರುವುದು ಟ್ರಂಕಿನ ತಳದ ಒಂದು ಗಟ್ಟಿ. ನೀರು ಕುಡಿದು ನಾಲ್ಕೈದು ಕಾಗದ ಒಂದಕ್ಕೊಂದು ಹತ್ತಿ ಹಲಗೆಯಾಗಿದೆ, ಅಂಚಿನಲ್ಲಿ ನೇರಳೆ ಹರಡಿದೆ. ತೇವ ಕೊಡದೆ ಬಿಡಿಸಲು ಆಗದು, ತೇವ ಕೊಟ್ಟರೆ ಅಕ್ಷರ ಹೋಗುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಕಾಗದ ಸಂರಕ್ಷಣೆ ಕಲಿತ ಒಬ್ಬರು ಚಳಿಗಾಲ ಬಂದ ಮೇಲೆ ನೋಡುತ್ತೇನೆ ಅಂದಿದ್ದಾರೆ. ಅಲ್ಲಿಯ ತನಕ ಅದನ್ನು ಬ್ಲಾಟಿಂಗ್ ಪೇಪರಿನ ನಡುವೆ, ಭಾರ ಇಡದೆ, ಒಣಗಿದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಲೆ ಕಾಣುವ ಹಾಳೆಯಲ್ಲಿ 1944 ಅಂತ ಓದಲು ಬರುತ್ತದೆ, ಕೆಳಗೆ ಒಂದು ಕೂಡುವ ಲೆಕ್ಕದ ಮೊದಲ ಮೂರು ಸಾಲು.